ತಂದೆಯನ್ನು ಕ್ಷಮಿಸುವಾಗ ನಾವು ಕ್ಷಮಿಸುವುದು ಏನನ್ನು?

ತಂದೆತಾಯಿಯನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಕಟ್ಟಳೆ. ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳೂ ಇದನ್ನು ತಡವರಿಸದೆ ಒಪ್ಪಿಸುತ್ತಾರೆ. ತಂದೆ ದುಡಿದು ಸಾಕುವವನಾಗಿ, ಸಂಜೆ ಮನೆಯವರೊಡನೆ ಜಪಸರಕ್ಕೆ ಕೂರುವವನಾಗಿದ್ದರೆ ಈ ಕಟ್ಟಳೆ ಭಾರವೆನಿಸುವುದಿಲ್ಲ. ಆದರೆ ತಂದೆಯೇ ಮನೆ ಬಿಟ್ಟು ಹೋಗಿದ್ದರೆ? ಮಗುವಿಗೆ ಎಂಟು ವರ್ಷವಾಗಿದ್ದಾಗ ಹೊಸ್ತಿಲು ದಾಟಿ ಹೋದವನು, ಅದೇ ಮಗು ಹದಿನೇಳರ ಪ್ರಾಯಕ್ಕೆ ಬಂದಾಗ ಸಾವಿನ ಅಂಚಿನಿಂದ ಕರೆದರೆ? ಅವನು ಹೋದದ್ದು ಇನ್ನೊಬ್ಬ ಗಂಡಸಿನ ಮೇಲಿನ ಪ್ರೀತಿಯಿಂದ ಎಂದಾದರೆ? ಆಗ ಆ ಮಗಳು ಏನನ್ನು ಗೌರವಿಸಬೇಕು, ಏನನ್ನು ಕ್ಷಮಿಸಬೇಕು?

ಈ ಪ್ರಶ್ನೆಯನ್ನೇ ಮುಂದಿಟ್ಟ ಚಲನಚಿತ್ರ ‘ದಿ ವೇಲ್’, ಎಂದರೆ ‘ತಿಮಿಂಗಿಲ’. 2022ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡ ಈ ಚಿತ್ರದ ನಿರ್ದೇಶಕರು ಡ್ಯಾರೆನ್ ಅರೊನೊಫ್ಸ್ಕಿ. ತಂದೆಯ ಪಾತ್ರ ವಹಿಸಿದ ಬ್ರೆಂಡನ್ ಫ್ರೇಸರ್ ಅವರಿಗೆ 2023ರಲ್ಲಿ ಶ್ರೇಷ್ಠ ನಟ ಆಸ್ಕರ್ ಪ್ರಶಸ್ತಿ ಬಂತು. ಸ್ಯಾಮ್ಯುಯೆಲ್ ಡಿ. ಹಂಟರ್ ಎಂಬ ನಾಟಕಕಾರರು ಬರೆದು 2012ರಲ್ಲಿ ರಂಗಕ್ಕೆ ಬಂದ ನಾಟಕವೇ ಇದಕ್ಕೆ ಮೂಲ. ಹಂಟರ್ ಸ್ವತಃ ಸಲಿಂಗಪ್ರೇಮಿ. ಅಮೆರಿಕದ ಐಡಹೊ ರಾಜ್ಯದಲ್ಲಿ ಬೆಳೆದವರು. ಕಟ್ಟಾ ಸಂಪ್ರದಾಯದ ಕ್ರೈಸ್ತ ಶಾಲೆಯೊಂದರಲ್ಲಿ ಓದಿದವರು. ಹಾಗಾಗಿ ಈ ಕಥೆಯಲ್ಲಿ ಬರುವ ಧರ್ಮದ ಮಾತು ಹೊರಗಿನವನು ಎಸೆದ ಕಲ್ಲಲ್ಲ, ಒಳಗೆ ನೊಂದವನ ಮಾತು. ಚಿತ್ರದಲ್ಲಿ ಒರಟು ಭಾಷೆಯೂ ದೊಡ್ಡವರು ಮಾತ್ರ ನೋಡಬಹುದಾದ ದೃಶ್ಯಗಳೂ ಇವೆ. ಮಕ್ಕಳೊಡನೆ ಕೂತು ನೋಡುವ ಚಿತ್ರ ಇದಲ್ಲ. ಸ್ಥೂಲಕಾಯದ ಮನುಷ್ಯನನ್ನು ತೋರಿಸಿದ ಬಗೆಗೆ ಟೀಕೆಯೂ ಬಂದಿದೆ. ಆದರೂ ಅದು ಕೇಳುವ ಪ್ರಶ್ನೆ ನಮ್ಮ ಕುಟುಂಬಗಳಿಗೆ ಹೊರತಾದುದಲ್ಲ.

ಕಥೆ ಇಷ್ಟು. ಚಾರ್ಲಿ ಇಂಗ್ಲಿಷ್ ಅಧ್ಯಾಪಕ. ಹೆಂಡತಿ ಮೇರಿಯನ್ನೂ ಮಗಳು ಎಲೀಯನ್ನೂ ತೊರೆದು, ತನ್ನ ವಿದ್ಯಾರ್ಥಿಯಾಗಿದ್ದ ಅಲನ್ ಎಂಬಾತನೊಡನೆ ಬಾಳಲು ಹೋದವನು. ಅಲನ್ ಬೆಳೆದದ್ದು ‘ನ್ಯೂ ಲೈಫ್’ ಎಂಬ ಪಂಥದ ಮನೆಯಲ್ಲಿ. ತನ್ನವರ ತಿರಸ್ಕಾರ, ತಾನು ಶಾಪಗ್ರಸ್ತನೆಂಬ ಭಯ, ಇವೆರಡರ ನಡುವೆ ಅವನು ಅನ್ನ ಬಿಟ್ಟು ಕೃಶನಾಗಿ ಕೊನೆಗೆ ಪ್ರಾಣವನ್ನೂ ಕಳೆದುಕೊಂಡ. ಆ ದುಃಖದಲ್ಲಿ ಚಾರ್ಲಿ ತಿನ್ನತೊಡಗಿದ. ಒಬ್ಬ ಅನ್ನ ಬಿಟ್ಟ, ಇನ್ನೊಬ್ಬ ತಿಂದು ಸಾಯುತ್ತಿದ್ದಾನೆ. ಸುಮಾರು 270 ಕಿಲೋ ತೂಕ, ಹೃದಯ ಸೋತಿದೆ, ರಕ್ತದೊತ್ತಡ 238/134. ಅವನನ್ನು ನೋಡಿಕೊಳ್ಳುವ ದಾದಿ ಲಿಜ್, ಸತ್ತ ಅಲನ್‌ನ ದತ್ತು ಸಹೋದರಿ. ಆಸ್ಪತ್ರೆಗೆ ಹೋಗದಿದ್ದರೆ ವಾರದೊಳಗೆ ಸಾಯುವೆ ಎಂದು ಅವಳು ಎಚ್ಚರಿಸುತ್ತಾಳೆ. ಅವನು ಒಪ್ಪುವುದಿಲ್ಲ. ಉಳಿದ ಕೆಲವೇ ದಿನಗಳಲ್ಲಿ ಮಗಳೊಡನೆ ಮತ್ತೆ ಒಂದಾಗಬೇಕೆಂಬುದೊಂದೇ ಅವನ ಹಂಬಲ. ಮಗಳು ಬರುತ್ತಾಳೆ, ಆದರೆ ಬೆಂಕಿಯಂತೆ ಬರುತ್ತಾಳೆ.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆ ನಮ್ಮಲ್ಲಿದೆ. ಈ ಚಿತ್ರದಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಗಾಯ ಒಂದು ಕಡೆ ಇದೆ, ಪ್ರತಿಯೊಬ್ಬರೂ ಬೇರೆ ಬೇರೆ ಕಡೆ ಮದ್ದು ಹಚ್ಚುತ್ತಾರೆ. ನನ್ನ ಮಟ್ಟಿಗೆ ಈ ಕಥೆಯ ಪಾಠ ಇಷ್ಟೇ: ಪಾಪಕ್ಕೆ ಸರಿಯಾದ ಹೆಸರಿಡದೆ ಕ್ಷಮೆ ಸಾಧ್ಯವಿಲ್ಲ. ಪಾಪನಿವೇದನೆ ಸಂಸ್ಕಾರದಲ್ಲಿ ನಾವು “ನಾನು ಕೆಟ್ಟವನು” ಎಂದಷ್ಟೇ ಹೇಳಿ ಎದ್ದು ಬರುವುದಿಲ್ಲ. ಏನು ಮಾಡಿದೆ ಎಂಬುದನ್ನು ಹೇಳುತ್ತೇವೆ. ಕುಟುಂಬದ ಕ್ಷಮೆಗೂ ಅದೇ ನಿಯಮ.

ಮೊದಲು ತಪ್ಪು ಹೆಸರಿಡುವವನು ಥಾಮಸ್ ಎಂಬ ಯುವಕ. ಅವನು ಅದೇ ‘ನ್ಯೂ ಲೈಫ್’ ಪಂಥದ ಹೆಸರಿನಲ್ಲಿ ಮನೆಮನೆಗೆ ಹೋಗಿ ಬೋಧಿಸುವವನು. ಸತ್ತ ಅಲನ್‌ನ ಬೈಬಲಿನಲ್ಲಿ ಗುರುತು ಹಾಕಿದ್ದ ಒಂದು ವಾಕ್ಯವನ್ನು ಹಿಡಿದು ಅವನು ಚಾರ್ಲಿಯ ಬಳಿಗೆ ಬರುತ್ತಾನೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ಶರೀರಸ್ವಭಾವಕ್ಕೆ ತಕ್ಕಂತೆ ಬಾಳುವವರು ಸಾಯುವರು ಎಂದು ಹೇಳುವ ಮಾತು ಅದು. ಅಲನ್ ಸತ್ತದ್ದು ನಿಮ್ಮಿಬ್ಬರ ಸಂಬಂಧದಿಂದಲೇ ಎಂಬುದು ಯುವಕನ ತೀರ್ಪು. ನೊಂದವನ ಮೈಮೇಲೆ ಕುದಿಯುವ ನೀರು ಸುರಿದಂತಾಯಿತು ಅದು.

ಆ ಯುವಕ ಅಧ್ಯಾಯವನ್ನು ಪೂರ್ತಿ ಓದಿದ್ದರೆ ಚೆನ್ನಾಗಿತ್ತು. ಅದೇ ಅಧ್ಯಾಯ ಆರಂಭವಾಗುವುದು, ಕ್ರಿಸ್ತಯೇಸುವಿನಲ್ಲಿ ಇರುವವರಿಗೆ ದಂಡನೆಯ ತೀರ್ಪಿಲ್ಲ ಎಂಬ ಭರವಸೆಯಿಂದ. ಅದು ಮುಗಿಯುವುದು, ದೇವರ ಪ್ರೀತಿಯಿಂದ ನಮ್ಮನ್ನು ಯಾವುದೂ ಅಗಲಿಸಲಾರದು ಎಂಬ ಘೋಷಣೆಯಿಂದ. ಇನ್ನು ಪೌಲರು ‘ಶರೀರಸ್ವಭಾವ’ ಎನ್ನುವಾಗ ಕಾಮವೊಂದನ್ನೇ ಹೇಳುತ್ತಿಲ್ಲ. ಗಲಾತ್ಯರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಅವರು ಕೊಡುವ ಪಟ್ಟಿಯಲ್ಲಿ ಹಗೆತನ, ಜಗಳ, ಮತ್ಸರ, ಸಿಟ್ಟು, ಒಡಕು ಎಲ್ಲವೂ ಇವೆ. ನೆರೆಯವನ ಶರೀರಸ್ವಭಾವವನ್ನು ಬೆರಳಿಟ್ಟು ತೋರಿಸುವ ನಾಲಿಗೆಯೂ ಅದೇ ಪಟ್ಟಿಗೆ ಸೇರಬಹುದೆಂಬುದನ್ನು ನಾವು ಮರೆಯಬಾರದು.

ಇಲ್ಲಿ ಧರ್ಮಸಭೆಯ ಬೋಧನೆಯನ್ನು ಸ್ಪಷ್ಟವಾಗಿ ಹೇಳಬೇಕು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯವನ್ನು 2357ರಿಂದ 2359ರವರೆಗಿನ ಕಂಡಿಕೆಗಳಲ್ಲಿ ಹೇಳುತ್ತದೆ. ಲೈಂಗಿಕ ಸಂಬಂಧದ ಸ್ಥಾನ ಗಂಡುಹೆಣ್ಣಿನ ವಿವಾಹದೊಳಗೇ ಎಂಬುದು ಧರ್ಮಸಭೆಯ ನಿಲುವು. ಸಲಿಂಗ ಸಂಭೋಗವನ್ನು ಅದು ಒಪ್ಪುವುದಿಲ್ಲ. ಆದರೆ ಅದೇ ಗ್ರಂಥ, ಇಂಥ ಒಲವುಳ್ಳವರನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕೆಂದೂ ಅವರ ವಿಷಯದಲ್ಲಿ ಯಾವ ಅನ್ಯಾಯದ ತಾರತಮ್ಯವೂ ಕೂಡದೆಂದೂ ವಿಧಿಸುತ್ತದೆ. ಒಲವೇ ಪಾಪವೆಂದು ಧರ್ಮಸಭೆ ಹೇಳಿಲ್ಲ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬಗಳ ಕುರಿತು ಹೊರಡಿಸಿದ ‘ಅಮೋರಿಸ್ ಲೆತೀಸಿಯಾ’ ಪ್ರಬೋಧನ ಪತ್ರದ 250ನೆಯ ಕಂಡಿಕೆಯಲ್ಲಿ, ಇಂಥವರಿರುವ ಕುಟುಂಬಗಳಿಗೆ ಗೌರವಪೂರ್ಣವಾದ ಪಾಲನಾ ಸೇವೆ ದೊರೆಯಬೇಕೆಂದು ಹೇಳಿದರು. 1997ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಒಂದು ಸಮಿತಿ ಇಂಥ ಮಕ್ಕಳ ತಂದೆತಾಯಿಗಳಿಗಾಗಿ ಒಂದು ಸಂದೇಶ ಬರೆಯಿತು. ಮಕ್ಕಳು ಎಂದೆಂದಿಗೂ ನಿಮ್ಮ ಮಕ್ಕಳೇ ಎಂಬುದು ಅದರ ಸಾರ. ಹಾಗಾದರೆ ಇಂಥ ತಂದೆ ಎಂದೆಂದಿಗೂ ತಂದೆಯೇ ಎಂದು ಮಕ್ಕಳಿಗೆ ಹೇಳುವವರು ಯಾರು?

ಈಗ ಗಾಯಕ್ಕೆ ಬರೋಣ. ಎಲೀಯ ಗಾಯ ಯಾವುದು? ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಚಾರ್ಲಿ ಮನೆ ಬಿಟ್ಟದ್ದು ಒಬ್ಬ ಹೆಂಗಸಿಗಾಗಿ ಎಂದುಕೊಳ್ಳಿ. ಎಂಟು ವರ್ಷದ ಆ ಮಗುವಿನ ಒಂದು ಹನಿ ಕಣ್ಣೀರಾದರೂ ಕಡಿಮೆಯಾಗುತ್ತಿತ್ತೇ? ಅಪ್ಪ ಯಾಕೆ ಬರಲಿಲ್ಲ ಎಂದು ಕಾದ ರಾತ್ರಿಗಳಲ್ಲಿ ಒಂದಾದರೂ ಚಿಕ್ಕದಾಗುತ್ತಿತ್ತೇ? ಇಲ್ಲ. ಅಪ್ಪ ಯಾರನ್ನು ಪ್ರೀತಿಸಿದ ಎಂಬುದು ಆ ಮಗುವಿನ ಗಾಯವಲ್ಲ, ಅಪ್ಪ ತನ್ನನ್ನು ಬಿಟ್ಟುಹೋದ ಎಂಬುದೇ ಅವಳ ಗಾಯ. ಮಡದಿಗೆ ಕೊಟ್ಟ ಮಾತು ಮುರಿದದ್ದು ಒಂದು ಅನ್ಯಾಯ. ಮಗುವಿಗೆ ಸಲ್ಲಬೇಕಾದ ತಂದೆತನವನ್ನು ಸಲ್ಲಿಸದಿದ್ದುದು ಇನ್ನೊಂದು. ಈ ಎರಡಕ್ಕೂ ‘ಸಲಿಂಗಪ್ರೇಮ’ ಎಂದು ಹೆಸರಿಟ್ಟರೆ ನಿಜವಾದ ತಪ್ಪು ಆ ಹೆಸರಿನ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಊರವರಿಗೆ ಆಡಿಕೊಳ್ಳಲು ವಿಷಯ ಸಿಗುತ್ತದೆ, ಮಗುವಿಗೆ ಸಾಂತ್ವನ ಮಾತ್ರ ಸಿಗುವುದಿಲ್ಲ. ಹೆಂಗಸಿನ ಸಹವಾಸಕ್ಕಾಗಿಯೋ ಕುಡಿತಕ್ಕಾಗಿಯೋ ಮನೆ ತೊರೆದ ತಂದೆಯರನ್ನು ಸಮಾಜ ಎಷ್ಟೋ ಬೇಗ ಮನ್ನಿಸಿ ಮದುವೆ ಚಪ್ಪರದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದಿಲ್ಲವೇ? ಒಂದೇ ಪಾಪಕ್ಕೆ ಎರಡು ತಕ್ಕಡಿ ಇಡುವುದು ನ್ಯಾಯವಲ್ಲ.

ಮಗಳೂ ತಪ್ಪು ಹೆಸರಿಡುತ್ತಾಳೆ. ಅವಳು ತಂದೆಯ ಮೈಯನ್ನು ಹೀಯಾಳಿಸುತ್ತಾಳೆ, ಅವನ ಚಿತ್ರ ತೆಗೆದು ಫೇಸ್‌ಬುಕ್ಕಿನಲ್ಲಿ ಹಾಕುತ್ತಾಳೆ, ಅವನು ತಿನ್ನುವ ರೊಟ್ಟಿಯಲ್ಲಿ ನಿದ್ರೆಗುಳಿಗೆ ಬೆರೆಸುತ್ತಾಳೆ. ಕೋಪವೆಲ್ಲ ಪಾಪವಲ್ಲ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಅನ್ಯಾಯದ ಎದುರು ಹುಟ್ಟುವ ಕೋಪ ವಿವೇಕದ ಅಂಕೆಯಲ್ಲಿದ್ದರೆ ಅದು ನ್ಯಾಯದ ಸೇವಕ. ತನ್ನನ್ನು ತೊರೆದವನ ಮೇಲೆ ಎಲೀಗೆ ಕೋಪ ಬರುವುದು ಸಹಜ ಮಾತ್ರವಲ್ಲ, ನ್ಯಾಯವೂ ಹೌದು. ಆದರೆ ಅವಳ ಕೋಪ ಹೊಡೆಯುವುದು ತಪ್ಪು ಜಾಗಕ್ಕೆ. ಅವನ ದೇಹ ಅವಳನ್ನು ಬಿಟ್ಟು ಹೋದದ್ದಲ್ಲ. ಅವನ ನಿರ್ಧಾರ ಅವಳನ್ನು ಬಿಟ್ಟು ಹೋಯಿತು. ದೇಹವನ್ನು ಅಣಕಿಸುವಷ್ಟು ಹೊತ್ತೂ ಅವಳು ಕೇಳಬೇಕಾದ ಪ್ರಶ್ನೆ ಕೇಳದೆ ಉಳಿಯುತ್ತದೆ.

ಇನ್ನು ತಂದೆ. ಚಾರ್ಲಿ ವರ್ಷಗಟ್ಟಲೆ ತನ್ನ ಮೇಲೆ ಖರ್ಚು ಮಾಡದೆ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರಿಗೂ ಹೆಚ್ಚು ಹಣ ಕೂಡಿಟ್ಟಿದ್ದಾನೆ. ಎಲ್ಲವೂ ಮಗಳಿಗಾಗಿ. ಆ ಹಣ ಕರಗಬಾರದೆಂದೇ ಆಸ್ಪತ್ರೆಗೆ ಹೋಗುವುದಿಲ್ಲ. ಮಗಳು ಮನೆಗೆ ಬರಲೆಂದು ಹಣದ ಆಸೆಯನ್ನೂ ತೋರಿಸುತ್ತಾನೆ. ಕೇಳುವವರಿಗೆ ಇದು ತ್ಯಾಗವೆನಿಸುತ್ತದೆ. ವಿಚಾರ ಮಾಡೋಣ. ಹೊರಲಾಗದಷ್ಟು ಭಾರವಾದ ಚಿಕಿತ್ಸೆಯನ್ನು ರೋಗಿ ಬೇಡವೆನ್ನಬಹುದು, ಕುಟುಂಬದ ಮೇಲೆ ವಿಪರೀತ ಖರ್ಚು ಬೀಳಬಾರದೆಂಬ ಯೋಚನೆಯೂ ಅದಕ್ಕೆ ಕಾರಣವಾಗಬಹುದು ಎಂದು 1980ರ ವ್ಯಾಟಿಕನ್ ಘೋಷಣೆ ಒಪ್ಪುತ್ತದೆ. ಆದರೆ ಜೀವ ಉಳಿಸುವ ಸಾಮಾನ್ಯ ಚಿಕಿತ್ಸೆಯನ್ನೂ ದೂಡುವುದು ಬೇರೆ ಮಾತು. ಚಾರ್ಲಿಯ ನಿರಾಕರಣೆಯಲ್ಲಿ ಪ್ರೀತಿ ಎಷ್ಟು, ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವ ಹಟ ಎಷ್ಟು ಎಂದು ತೂಗಿ ಹೇಳುವುದು ಕಷ್ಟ. ಹಣವಿದ್ದೂ ಬಚ್ಚಿಟ್ಟನೆಂದು ತಿಳಿದಾಗ, ವರ್ಷಗಟ್ಟಲೆ ಅವನ ಸೇವೆ ಮಾಡಿದ ಲಿಜ್ ಸಿಡಿದೇಳುವುದು ಸುಮ್ಮನೆ ಅಲ್ಲ. ಅವಳಿಗೆ ಬೇಕಾಗಿದ್ದುದು ಅವನ ಜೀವ. ಮಗಳಿಗೂ ಬೇಕಾಗಿದ್ದುದು ಅದೇ.

ಪಾಪನಿವೇದನೆಯಲ್ಲಿ ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂಬ ಮೂರು ಹೆಜ್ಜೆಗಳು ಪಾಪಿಯವು, ಪಾಪವಿಮೋಚನೆ ದೇವರದು. ಚಾರ್ಲಿ ನಡುವಿನ ಹೆಜ್ಜೆಯನ್ನು ಹಾರಿ ನೇರ ಪ್ರಾಯಶ್ಚಿತ್ತಕ್ಕೆ ಹೋಗಲು ನೋಡುತ್ತಾನೆ. “ನಿನ್ನನ್ನು ಬಿಟ್ಟು ಹೋದೆ, ಅದು ತಪ್ಪು” ಎಂದು ಕಣ್ಣಿಗೆ ಕಣ್ಣಿಟ್ಟು ಹೇಳುವುದಕ್ಕಿಂತ ಬ್ಯಾಂಕಿನಲ್ಲಿ ಹಣ ಇಡುವುದು ಸುಲಭ. ನಮ್ಮಲ್ಲೂ ಎಷ್ಟು ತಂದೆಯರು ದೂರದ ಊರಿನಿಂದ ಹಣ ಕಳುಹಿಸಿ, ಮಾತು ಕಳುಹಿಸದೆ, ಸಾಲ ತೀರಿತೆಂದು ಭಾವಿಸಿಲ್ಲ! ಮಗುವಿನ ಲೆಕ್ಕದ ಪುಸ್ತಕದಲ್ಲಿ ಆ ಹಣ ಜಮೆಯಾಗುವುದೇ ಇಲ್ಲ.

ಇಲ್ಲಿ ಮೇರಿಯನ್ನು ಮರೆಯಬಾರದು. ಇಂಥ ಕಥೆಗಳಲ್ಲಿ ಹೆಂಡತಿಯಾದವಳು ಮೂಲೆಗೆ ಸರಿಯುತ್ತಾಳೆ. ಮಗಳನ್ನು ಒಬ್ಬಳೇ ಸಾಕಿದ ಮೇರಿ ಕುಡಿತಕ್ಕೆ ಬಿದ್ದಿದ್ದಾಳೆ, ಕಹಿಯಾಗಿದ್ದಾಳೆ. ಆದರೂ ಅವನ ಎದೆಗೆ ಕಿವಿಯಿಟ್ಟು ಉಸಿರು ಕೇಳುವ ದೃಶ್ಯದಲ್ಲಿ, ಮುರಿದ ದಾಂಪತ್ಯದ ಬೂದಿಯೊಳಗೂ ಕೆಂಡವಿರುವುದು ಕಾಣುತ್ತದೆ. ಹೆಂಡತಿಯ ಇದೇ ನೋವನ್ನು ನಮ್ಮ ನೆರೆಯ ಕೇರಳದ ಕಥೋಲಿಕ ಕುಟುಂಬವೊಂದರ ಹಿನ್ನೆಲೆಯಲ್ಲಿ ಹೇಳಿದ ಮಲಯಾಳಂ ಚಿತ್ರ ‘ಕಾದಲ್’. ಜಿಯೋ ಬೇಬಿ ಅವರ ನಿರ್ದೇಶನದಲ್ಲಿ 2023ರಲ್ಲಿ ಬಂದ ಈ ಚಿತ್ರದಲ್ಲಿ ಮಮ್ಮೂಟ್ಟಿ ಗಂಡನಾಗಿಯೂ ಜ್ಯೋತಿಕಾ ಹೆಂಡತಿಯಾಗಿಯೂ ನಟಿಸಿದ್ದಾರೆ. ಮಗನ ಒಲವು ತಿಳಿದಿದ್ದೂ, ಮದುವೆಯಾದರೆ ಎಲ್ಲ ಸರಿಹೋಗುತ್ತದೆಂದು ಒತ್ತಾಯಿಸಿದ ತಂದೆ ಅಲ್ಲಿದ್ದಾನೆ. ಆ ಚಿತ್ರದ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಒಂದು ಮಾತು ಧರ್ಮಸಭೆಯ ಕಾನೂನಿನದೇ ಆಗಿದೆ: ವಿವಾಹವನ್ನು ಉಂಟುಮಾಡುವುದು ವಧೂವರರ ಸ್ವತಂತ್ರ ಸಮ್ಮತಿ, ಅವರ ಬದಲಿಗೆ ಅದನ್ನು ಬೇರೆ ಯಾರೂ ಕೊಡಲಾರರು, ಬಲಾತ್ಕಾರಕ್ಕೋ ಭಯಕ್ಕೋ ಮಣಿದು ಆದ ವಿವಾಹ ಸಿಂಧುವಲ್ಲ. ಮದುವೆ ಔಷಧವಲ್ಲ. ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬರ ಮಗಳನ್ನು ಔಷಧದ ಬಟ್ಟಲಾಗಿ ಬಳಸುವುದು ಘೋರ ಅನ್ಯಾಯ. ಎಲೀಯಂಥ ಮಕ್ಕಳ ಗಾಯ ಎಷ್ಟೋ ಸಲ ಅವರು ಹುಟ್ಟುವ ಮೊದಲೇ, ಇಂಥ ಮದುವೆ ಮಾತುಕತೆಯ ಜಗಲಿಯಲ್ಲೇ ಶುರುವಾಗಿರುತ್ತದೆ.

ಹಾಗಾದರೆ ಕ್ಷಮೆ ಹೇಗೆ? ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿ ನಮಗೆಲ್ಲ ಗೊತ್ತು. ಈ ಚಿತ್ರದಲ್ಲಿ ಅದು ತಲೆಕೆಳಗಾಗಿದೆ. ದೂರದೇಶಕ್ಕೆ ಹೋದವನು ತಂದೆ. ಮನೆಯಲ್ಲಿ ಉಳಿದು ದಾರಿ ಕಾದವಳು ಮಗಳು. ಮಕ್ಕಳಾದವರು ಓಡಿಹೋಗಿ ತಬ್ಬಿಕೊಳ್ಳಬೇಕು, ಅದೇ ನಾಲ್ಕನೆಯ ಕಟ್ಟಳೆ ಎಂದು ನಾವು ಬೇಗನೆ ಹೇಳಿಬಿಡುತ್ತೇವೆ. ಆದರೆ ಸಾಮತಿಯನ್ನು ಮತ್ತೆ ಓದಿ. ತಂದೆ ಓಡಿದ್ದು ನಿಜ. ಅದಕ್ಕೂ ಮೊದಲು ಮಗ ಎದ್ದು ಹೊರಟಿದ್ದ. ದೇವರಿಗೂ ತಂದೆಗೂ ವಿರುದ್ಧವಾಗಿ ಪಾಪ ಮಾಡಿದೆನೆಂದು ಹೇಳಲು ಮಾತು ಜೋಡಿಸಿಕೊಂಡಿದ್ದ. ಹೋದವನು ಏಳದೆ ನೊಂದವರೇ ಓಡಬೇಕೆನ್ನುವುದು ಸಾಮತಿಯ ಅರ್ಧ ಪಾಠ ಮಾತ್ರ. ನೊಂದವರು ಹೃದಯದಲ್ಲಿ ಹಗೆಯನ್ನು ಬಿಡಬೇಕು. ಅದು ಪ್ರಭುವಿನ ಆಜ್ಞೆ, ಅದಕ್ಕೆ ಎದುರಿನವರ ಪಶ್ಚಾತ್ತಾಪ ಬೇಕಿಲ್ಲ. ಆದರೆ ಮುರಿದ ಸಂಬಂಧ ಮತ್ತೆ ಕೂಡಬೇಕಾದರೆ ಇಬ್ಬರೂ ಹೆಜ್ಜೆ ಇಡಬೇಕು. ಕ್ಷಮೆ ಒಬ್ಬರಿಂದ ಸಾಧ್ಯ, ಸಂಧಾನಕ್ಕೆ ಇಬ್ಬರು ಬೇಕು.

ಚಿತ್ರದ ಆರಂಭದಲ್ಲಿ ಎಲೀ ತಂದೆಗೆ ಸವಾಲು ಹಾಕುತ್ತಾಳೆ: ಯಾವ ಆಸರೆಯೂ ಇಲ್ಲದೆ ಎದ್ದು ನನ್ನ ಬಳಿಗೆ ನಡೆದು ಬಾ ಎಂದು. ಅವನು ಎದ್ದು ಕುಸಿಯುತ್ತಾನೆ. ನೋಡುವವರಿಗೆ ಅದು ಕ್ರೌರ್ಯ. ಆದರೆ ಆ ಹುಡುಗಿಗೆ ತಿಳಿಯದೆಯೇ ಅವಳು ಸರಿಯಾದುದನ್ನೇ ಕೇಳಿದ್ದಳು. ನನ್ನಿಂದ ದೂರ ನಡೆದುಹೋದವನು ನನ್ನ ಕಡೆಗೆ ನಡೆದು ಬರಲಿ ಎಂಬುದು ತೊರೆಯಲ್ಪಟ್ಟ ಪ್ರತಿಯೊಂದು ಮಗುವಿನ ಬೇಡಿಕೆ. ಹಣವಲ್ಲ, ನಡೆದು ಬರುವುದೇ ಪ್ರಾಯಶ್ಚಿತ್ತ. ಕೊನೆಯಲ್ಲಿ ಅವನು ಆಸ್ಪತ್ರೆಗೆ ಹೋಗದೆ ಉಳಿದು, ಮಗಳನ್ನು ತೊರೆದದ್ದಕ್ಕಾಗಿ ಮರುಗಿ, ಅವಳು ಎಳೆಯ ವಯಸ್ಸಿನಲ್ಲಿ ‘ಮೋಬಿ ಡಿಕ್’ ಕಾದಂಬರಿಯ ಕುರಿತು ಬರೆದಿದ್ದ ಪ್ರಬಂಧವನ್ನು ಓದಿ ಹೇಳೆಂದು ಬೇಡುತ್ತಾನೆ. ತಾನು ಓದಿದ ಬರಹಗಳಲ್ಲೆಲ್ಲ ಅದೇ ಅತ್ಯಂತ ಪ್ರಾಮಾಣಿಕವೆಂದು ಅವನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಅವಳು ಅಳುತ್ತಾ ಓದುತ್ತಾಳೆ. ನಡೆಯಲಾರದವನು ಎದ್ದು ಅವಳ ಕಡೆಗೆ ಹೆಜ್ಜೆ ಇಡುತ್ತಾನೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಎಲ್ಲ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಕಳೆದ ವರ್ಷಗಳು ಮರಳುವುದಿಲ್ಲ. ಆದರೆ ಗಾಯಕ್ಕೆ ಅದರ ಹೆಸರು ಸಿಕ್ಕಿತು.

ನಮ್ಮ ಧರ್ಮಕೇಂದ್ರಗಳಲ್ಲೂ ದೂರವಾದ ತಂದೆಯರಿದ್ದಾರೆ. ಅವರು ದೂರವಾದ ಕಾರಣಗಳು ಬೇರೆ ಬೇರೆ. ಅಂಥ ತಂದೆಗೆ ಕಾಯಿಲೆಯೆಂಬ ಸುದ್ದಿ ಬಂದಾಗ ಮಕ್ಕಳಾದವರು ಏನು ಮಾಡಬೇಕು? ಏನೂ ಆಗಿಲ್ಲವೆಂಬಂತೆ ನಟಿಸಬೇಕಾಗಿಲ್ಲ. ನಾಲ್ಕನೆಯ ಕಟ್ಟಳೆ ಸುಳ್ಳನ್ನು ಕೇಳುವುದಿಲ್ಲ. ಆದರೆ ತಂದೆಯ ಮುಪ್ಪಿನಲ್ಲಿ ಆಸರೆಯಾಗು, ಅವನ ಬುದ್ಧಿ ಮಂದವಾದರೂ ತಾಳ್ಮೆಯಿಂದಿರು ಎಂದು ಸಿರಾಖನ ಗ್ರಂಥದ 3ನೆಯ ಅಧ್ಯಾಯ ಹೇಳುವುದು ಒಳ್ಳೆಯ ತಂದೆಯರ ಮಕ್ಕಳಿಗೆ ಮಾತ್ರವಲ್ಲ. ಒಂದು ಸಲ ಹೋಗಿ ನೋಡಿ. ಹೇಳಬೇಕಾದುದನ್ನು ಹೇಳಿ. “ನೀವು ಬಿಟ್ಟುಹೋದಾಗ ನನಗೆ ಹೀಗಾಯಿತು” ಎನ್ನುವುದು ಅಗೌರವವಲ್ಲ. ತಂದೆಯೆಂದು ನಂಬಿದವನಿಗೆ ಮಾತ್ರ ಮಗು ಆ ಮಾತು ಹೇಳುತ್ತದೆ.

ತಂದೆಯಾದವರು ಕ್ಷಮೆಯನ್ನು ಹಕ್ಕೆಂದು ಕೇಳಬಾರದು. ಸಾಯುತ್ತಿದ್ದೇನೆ ಎಂಬುದು ಮಕ್ಕಳ ಬಾಯಿ ಮುಚ್ಚಿಸುವ ಆಯುಧವಾಗಬಾರದು. ಮೊದಲು ಮಗುವಿನ ಮಾತು ಕೇಳಲಿ, ಆಮೇಲೆ ತನ್ನ ತಪ್ಪನ್ನು ಅದರ ಹೆಸರು ಹಿಡಿದು ಹೇಳಲಿ, ಉತ್ತರವನ್ನು ಮಗುವಿಗೆ ಬಿಡಲಿ. ಬಂಧುಗಳಿಗೆ ಒಂದು ವಿನಂತಿ: ಮೂರನೆಯವರ ಗುಸುಗುಸು ಸಂಧಾನದ ಶತ್ರು. ರೋಗಿ ಹೇಗೆ ಬಾಳಿದನೆಂದು ಎಣಿಸುತ್ತಾ ಕೂತು ಗುರುಗಳನ್ನು ಕರೆಯಲು ನಾಚಬೇಡಿ, ತಡಮಾಡಬೇಡಿ. ವ್ಯಾಧಿಸ್ಥರ ಅಭ್ಯಂಗನ ಸಂಸ್ಕಾರ ಉಸಿರು ನಿಲ್ಲುವ ಗಳಿಗೆಗೆ ಮೀಸಲಾದುದಲ್ಲ. ರೋಗಿಗೆ ಮಾತನಾಡಲು ಶಕ್ತಿಯಿರುವಾಗಲೇ ಗುರುಗಳು ಬಂದರೆ ದೇವರೊಡನೆಯೂ ಮಕ್ಕಳೊಡನೆಯೂ ಮಾತು ಪೂರ್ಣವಾಗಬಹುದು.

ದೇವರು ನಮ್ಮನ್ನು ಕ್ಷಮಿಸುವಾಗ ನಮ್ಮ ಪಾಪ ಯಾವುದೆಂದು ಅವರಿಗೆ ಗೊಂದಲವಿಲ್ಲ. ಸಮಾರಿಯದ ಸ್ತ್ರೀಗೆ ಜೀವಜಲದ ಆಸೆ ಹುಟ್ಟಿಸಿದ ಯೇಸುಸ್ವಾಮಿ ಅವಳ ಬಾಳಿನ ಸತ್ಯವನ್ನೂ ಅವಳಿಗೆ ಹೇಳಿದರು. ನಮ್ಮ ಮನೆಗಳಲ್ಲೂ ಕ್ಷಮೆ ಸತ್ಯದ ಕೈಹಿಡಿದು ಬರಲಿ. ದೂರವಾಗಿ ನರಳುತ್ತಿರುವ ಒಬ್ಬ ತಂದೆ, ಒಬ್ಬ ತಾಯಿ ಈ ಹೊತ್ತು ನಿಮ್ಮ ನೆನಪಿಗೆ ಬಂದಿದ್ದರೆ, ಅವರ ಹೆಸರು ಹೇಳಿ ಒಂದು ಪರಲೋಕ ಪ್ರಾರ್ಥನೆ ಹೇಳಿರಿ. ಆಮೇಲೆ ಎದ್ದು ಹೊರಡಿ.